ಅಪರಿಚಿತ ನಾದಕ್ಕೊಂದು ಪುಟ್ಟ ಸಭೆ

ಪ್ರಾಯೋಗಿಕ ಸಂಗೀತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರಚನಕಾರರನ್ನೂ ಅವರ ಕೃತಿಗಳನ್ನೂ ಕಾಲಕಾಲಕ್ಕೆ ಬಂದ ಹೊಸ ಯಂತ್ರಗಳನ್ನೂ ಹಿಡಿದು ಕಥನವನ್ನು ಮುಂದುವರಿಸುತ್ತಾರೆ. ಆ ಕೃತಿಗಳು ಮೊದಲು ಕೇಳಿಬಂದ ಕೋಣೆಗಳು, ಆ ಕೋಣೆಗಳನ್ನು ಗೊತ್ತುಮಾಡಿದವರು, ಯಾರ ನಂತರ ಯಾರು ನುಡಿಸಬೇಕೆಂದು ತಲೆಕೆಡಿಸಿಕೊಂಡವರು, ಟಿಕೆಟ್ ಮಾರಿದವರು, ಧ್ವನಿಮುದ್ರಿಸಿದವರು ಅಡಿಟಿಪ್ಪಣಿಗಳಲ್ಲಿ ಉಳಿದುಬಿಡುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ಪಾಶ್ಚಾತ್ಯ ಸಂಗೀತದ ದಿಕ್ಕನ್ನು ಬದಲಿಸಿದ ಆಲೋಚನೆಗಳಲ್ಲಿ ಹಲವು ದೊಡ್ಡ ಸಭಾಂಗಣಗಳ ಹೊರಗೆ, ಚರ್ಚಿನ ಹಜಾರ, ಹೋಟೆಲಿನ ಅಂಗಳ, ಕಲಾವಿದರೊಬ್ಬರ ಅಟ್ಟದ ಕೋಣೆ ಇಂಥ ಕಡೆಗಳಲ್ಲಿ, ಗೆಳೆಯರು ಕೂಡಿ ನಡೆಸಿದ ಚಿಕ್ಕ ಉತ್ಸವಗಳಲ್ಲಿ ಬೆಳೆದವು. ಈ ಉತ್ಸವಗಳ ಕಿರುಗಾತ್ರವನ್ನು ಹಣದ ಅಭಾವದಿಂದ ಬಂದ ಅನಿವಾರ್ಯತೆಯೆಂದಷ್ಟೇ ನೋಡಿದರೆ ಅವುಗಳ ಅರ್ಧ ಸತ್ವ ಕೈತಪ್ಪಿಹೋಗುತ್ತದೆ. ಆಸನಗಳು ಎಷ್ಟು, ಕೇಳುಗರು ಎಷ್ಟು ಹತ್ತಿರ, ಒಂದು ಸಂಜೆಯಲ್ಲಿ ಯಾರ ಜೊತೆಗೆ ಯಾರು ಎಂಬ ತೀರ್ಮಾನಗಳು ಅಲ್ಲಿ ಸಂಗೀತದ ರಚನೆಯ ಭಾಗವೇ ಆಗಿದ್ದವು.

ಪ್ರಾಯೋಗಿಕ ಸಂಗೀತ ಎಂಬುದು ಒಂದು ಶೈಲಿಯ ಹೆಸರಲ್ಲವಾದ್ದರಿಂದ ಮೊದಲು ಅದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಅಮೆರಿಕದ ರಚನಕಾರ ಜಾನ್ ಕೇಜ್ 1950ರ ದಶಕದಲ್ಲಿ ನೀಡಿದ ವಿವರಣೆಯ ಪ್ರಕಾರ, ಫಲಿತಾಂಶ ಏನಾಗುತ್ತದೆಂದು ಮುಂಚಿತವಾಗಿ ತಿಳಿಯದ ಕ್ರಿಯೆಯೇ ಪ್ರಯೋಗ. ಸ್ವರಲಿಪಿಯ ಬದಲು ಚಿತ್ರಗಳನ್ನೋ ಒಂದೆರಡು ಸಾಲಿನ ಸೂಚನೆಯನ್ನೋ ಕೊಟ್ಟು ಉಳಿದದ್ದನ್ನು ವಾದಕರಿಗೆ ಬಿಡುವ ರಚನೆಗಳು, ಟೇಪ್ ಮತ್ತು ವಿದ್ಯುನ್ಮಂಡಲಗಳಿಂದ ಹೊರಡುವ ಧ್ವನಿಗಳು, ಪೂರ್ವನಿಶ್ಚಿತ ರಾಗ, ತಾಳ, ಸ್ವರಸಂಗತಿ ಯಾವುದನ್ನೂ ಒಪ್ಪಿಕೊಳ್ಳದೆ ಆ ಕ್ಷಣದಲ್ಲೇ ಕಟ್ಟಿಕೊಳ್ಳುವ ಮುಕ್ತ ಆಶುವಾದನ, ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಕರ್ನಾಟಕ ಸಂಗೀತದ ಮನೋಧರ್ಮವನ್ನು ಬಲ್ಲ ಕೇಳುಗರಿಗೆ ಆಶುವಾದನ ಹೊಸದಲ್ಲ. ಆದರೆ ಅಲ್ಲಿ ಕಲಾವಿದರಿಗೂ ಸಭೆಗೂ ರಾಗದ ಲಕ್ಷಣ ಮೊದಲೇ ತಿಳಿದಿರುತ್ತದೆ, ಇಲ್ಲಿ ಅಂಥ ಯಾವ ಸಮಾನ ನೆಲೆಯೂ ಇರುವುದಿಲ್ಲ. ಸಂಘಟಕರ ಇಕ್ಕಟ್ಟು ಹುಟ್ಟುವುದು ಇಲ್ಲಿಂದಲೇ. ಏನು ಕೇಳಿಬರುತ್ತದೆಂದು ಸಂಗೀತಗಾರರೂ ಖಚಿತವಾಗಿ ಹೇಳಲಾರದ ಸಂಜೆಗೆ ಅವರು ಜನರನ್ನು ಕರೆಯಬೇಕು, ಆ ಸಂಜೆ ಸೋಲುವ ಸಾಧ್ಯತೆಯನ್ನು ಒಪ್ಪಿಕೊಂಡು ಕರೆಯಬೇಕು, ಮತ್ತು ಬಂದವರು ಸೋಲನ್ನೂ ಆಸಕ್ತಿಯಿಂದ ಕೇಳುವಂಥ ಸನ್ನಿವೇಶವನ್ನು ಸಿದ್ಧಪಡಿಸಬೇಕು.

ಇಂಥ ಸನ್ನಿವೇಶವನ್ನು ಪ್ರಜ್ಞಾಪೂರ್ವಕವಾಗಿ ರೂಪಿಸಿದ ಮೊದಲಿಗರಲ್ಲಿ ಅರ್ನಾಲ್ಡ್ ಶೋನ್‌ಬರ್ಗ್ ಪ್ರಮುಖರು. ಹೊಸ ಸಂಗೀತದ ಕಛೇರಿಗಳು ಗದ್ದಲದಲ್ಲಿ ಮುಗಿಯುತ್ತಿದ್ದ ವಿಯೆನ್ನಾದಲ್ಲಿ ಅವರು 1918ರಲ್ಲಿ ಖಾಸಗಿ ಸಂಗೀತ ಪ್ರದರ್ಶನಗಳ ಸಂಘವೊಂದನ್ನು ಕಟ್ಟಿದರು. ಪ್ರವೇಶ ಸದಸ್ಯರಿಗೆ ಮಾತ್ರ, ಪತ್ರಿಕಾ ವಿಮರ್ಶಕರಿಗೆ ಆಹ್ವಾನವಿಲ್ಲ, ಚಪ್ಪಾಳೆಯಾಗಲಿ ಅಸಮ್ಮತಿಯ ಸದ್ದಾಗಲಿ ಕೂಡದು, ಅಂದು ಯಾವ ಕೃತಿಯಿದೆಯೆಂದು ಮೊದಲೇ ಪ್ರಕಟಿಸುವುದಿಲ್ಲ ಎಂಬ ನಿಯಮಗಳು ಹೊರನೋಟಕ್ಕೆ ಕಠಿಣವಾಗಿ ಕಂಡರೂ ಅವುಗಳ ಉದ್ದೇಶ ಸರಳವಾಗಿತ್ತು: ಕೇಳುಗರು ಪೂರ್ವಗ್ರಹ ಹೊತ್ತು ಬರಬಾರದು, ಬಂದವರು ತೀರ್ಪಿನ ಒತ್ತಡವಿಲ್ಲದೆ ಕೇಳಬೇಕು. ಪ್ರತಿ ಕೃತಿಗೂ ಸಾಕಷ್ಟು ತಾಲೀಮು ನಡೆಯುತ್ತಿತ್ತು, ಒಂದೇ ಕೃತಿ ಬೇರೆ ಬೇರೆ ದಿನಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು, ವಾದ್ಯವೃಂದಕ್ಕೆ ಹಣ ಸಾಲದಿದ್ದುದರಿಂದ ದೊಡ್ಡ ಕೃತಿಗಳನ್ನು ಪಿಯಾನೊಗೋ ಕೆಲವೇ ವಾದ್ಯಗಳಿಗೋ ಇಳಿಸಿಕೊಳ್ಳಲಾಗುತ್ತಿತ್ತು. ಹಣದುಬ್ಬರದ ಹೊಡೆತಕ್ಕೆ ಸಿಕ್ಕಿ 1921ರಲ್ಲಿ ಸಂಘ ಮುಚ್ಚುವಷ್ಟರಲ್ಲಿ 117 ಕಛೇರಿಗಳಲ್ಲಿ 154 ಕೃತಿಗಳು ಒಟ್ಟು 353 ಬಾರಿ ನುಡಿದಿದ್ದವು. ಹೊಸ ಕೃತಿಯನ್ನು ಒಂದೇ ಸಲ ನುಡಿಸಿ ಮರೆಯುವ ಇಂದಿನ ಉತ್ಸವಗಳ ಅಭ್ಯಾಸವನ್ನು ಗಮನಿಸಿದರೆ, ಸರಾಸರಿ ಎರಡಕ್ಕಿಂತ ಹೆಚ್ಚು ಆವರ್ತನ ಕೊಟ್ಟ ಈ ಲೆಕ್ಕ ಇಡೀ ಪ್ರಯತ್ನದ ಅತ್ಯಂತ ಅನುಕರಣೀಯ ಅಂಶವೆನ್ನಬೇಕು. ಕದ ಮುಚ್ಚಿಕೊಂಡು ಕೂರುವ ಅದರ ಸ್ವಭಾವ ಮಾತ್ರ ಹೊಸ ಕೇಳುಗರನ್ನು ಹುಡುಕಿಕೊಳ್ಳಬೇಕಾದವರಿಗೆ ಒಗ್ಗುವಂಥದ್ದಲ್ಲ.

ತೆರೆದ ಬಾಗಿಲಿನ ಮಾದರಿ ನಾಲ್ಕು ದಶಕಗಳ ನಂತರ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ರೂಪುಗೊಂಡಿತು. ಆಗ ಸುಮಾರು 67 ಸಾವಿರ ಜನಸಂಖ್ಯೆಯಿದ್ದ ಆನ್ ಆರ್ಬರ್ ಒಂದು ವಿಶ್ವವಿದ್ಯಾಲಯದ ಊರು. ಅಲ್ಲಿ ಅಧ್ಯಾಪಕ ರಾಸ್ ಲೀ ಫಿನ್ನಿಯವರ ಸುತ್ತಲಿನ ಪರಿಸರದಲ್ಲಿ ಬೆಳೆದ ರಾಬರ್ಟ್ ಆ್ಯಶ್ಲಿ, ಗಾರ್ಡನ್ ಮುಮ್ಮಾ, ರೋಜರ್ ರೆನಾಲ್ಡ್ಸ್, ಜಾರ್ಜ್ ಕಚೋಪೊ, ಡೊನಾಲ್ಡ್ ಸ್ಕವಾರ್ಡಾ ಎಂಬ ಐವರು ಯುವ ರಚನಕಾರರು 1961ರ ಫೆಬ್ರವರಿ ಕೊನೆ ಮತ್ತು ಮಾರ್ಚ್ ಆರಂಭದಲ್ಲಿ ಊರಿನ ಯೂನಿಟೇರಿಯನ್ ಚರ್ಚಿನಲ್ಲಿ ನಾಲ್ಕು ಕಛೇರಿಗಳ ‘ಒನ್ಸ್’ ಉತ್ಸವವನ್ನು ನಡೆಸಿದರು. ಅದರ ಹಿಂದಿನ ಬೇಸಗೆಯಲ್ಲಿ ಕೆನಡಾದ ಸ್ಟ್ರಾಟ್‌ಫರ್ಡ್‌ನಲ್ಲಿ ರಚನಕಾರರ ಅಂತರರಾಷ್ಟ್ರೀಯ ಸಮ್ಮೇಳನವೊಂದು ಜರುಗಿತ್ತು. ದೊಡ್ಡವರ ಮಾತುಗಳನ್ನು ಕೇಳಿ ಹಿಂದಿರುಗಿದ ಈ ಗೆಳೆಯರಿಗೆ ತಮ್ಮ ಸಂಗೀತ ಕೇಳಿಬರಬೇಕಾದರೆ ವೇದಿಕೆಯನ್ನೂ ತಾವೇ ಕಟ್ಟಿಕೊಳ್ಳಬೇಕೆಂಬುದು ಮನವರಿಕೆಯಾಗಿತ್ತು. ವಿಶ್ವವಿದ್ಯಾಲಯದ ಸಂಗೀತ ವಿಭಾಗ ಬೆಂಬಲಕ್ಕೆ ಮುಂದಾಗಲಿಲ್ಲ. ಊರಿನ ಕಲಾಸಕ್ತರು ನಡೆಸುತ್ತಿದ್ದ ಡ್ರಮ್ಯಾಟಿಕ್ ಆರ್ಟ್ಸ್ ಸೆಂಟರ್ ಎಂಬ ಸಂಸ್ಥೆ ಪ್ರಾಯೋಜಕತ್ವ ವಹಿಸಿತು, ಚರ್ಚಿನ ಪಾದ್ರಿ ಜಾಗ ಕೊಟ್ಟರು.

ಈ ಉತ್ಸವ ಏಕಾಏಕಿ ಹುಟ್ಟಿದ್ದಲ್ಲ ಎಂಬುದನ್ನು ಸಂಘಟನೆಯ ದೃಷ್ಟಿಯಿಂದ ವಿಶೇಷವಾಗಿ ಗಮನಿಸಬೇಕು. ಆ್ಯಶ್ಲಿ ಮತ್ತು ಮುಮ್ಮಾ 1958ರಲ್ಲೇ ತಂತಮ್ಮ ಮನೆಗಳಲ್ಲಿ ಉಪಕರಣಗಳನ್ನು ಜೋಡಿಸಿಕೊಂಡು ಸಹಕಾರಿ ವಿದ್ಯುನ್ಮಾನ ಸಂಗೀತ ಸ್ಟುಡಿಯೊ ಒಂದನ್ನು ಆರಂಭಿಸಿದ್ದರು. ಚಿತ್ರಕಲಾವಿದ ಮಿಲ್ಟನ್ ಕೋಹೆನ್ ತಮ್ಮ ಅಟ್ಟದ ಕೋಣೆಯಲ್ಲಿ ಕನ್ನಡಿ, ಪಟ್ಟಕ ಮತ್ತು ಪ್ರೊಜೆಕ್ಟರುಗಳಿಂದ ಬೆಳಕಿನ ಚಿತ್ರಗಳನ್ನು ಸುತ್ತಲೂ ಹರಿಸುತ್ತಿದ್ದ ‘ಸ್ಪೇಸ್ ಥಿಯೇಟರ್’ಗೆ ಇವರಿಬ್ಬರೂ ನಿಯಮಿತವಾಗಿ ಧ್ವನಿ ಒದಗಿಸುತ್ತಿದ್ದರು. ವಾರ ವಾರವೂ ಬೆರಳೆಣಿಕೆಯ ಪ್ರೇಕ್ಷಕರ ಎದುರು ನಡೆದ ಆ ಪ್ರದರ್ಶನಗಳಲ್ಲಿ ಧ್ವನಿವರ್ಧಕವನ್ನು ಎಲ್ಲಿಡಬೇಕು, ಕತ್ತಲೆಯಲ್ಲಿ ಜನ ಎಷ್ಟು ಹೊತ್ತು ಕೂರಬಲ್ಲರು, ಒಂದು ಧ್ವನಿ ಹಳಸುವ ಮುನ್ನ ಮತ್ತೊಂದನ್ನು ಹೇಗೆ ತರಬೇಕು ಎಂಬ ಕುಶಲತೆಗಳು ಕೈಗೆ ಹತ್ತಿದವು. ಉತ್ಸವ ನಡೆಸಲು ಹೊರಟವರು ಮೊದಲು ಒಂದೆರಡು ವರ್ಷ ಸಣ್ಣ ಸಂಜೆಗಳನ್ನು ನಡೆಸಿರುವುದು ಎಷ್ಟು ಅಗತ್ಯವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ; ನಿಷ್ಠೆಯಿಂದ ಬರುವ ಕೇಳುಗರ ಬಳಗ ಹುಟ್ಟುವುದೂ ಅಂಥ ಸಂಜೆಗಳಲ್ಲೇ.

ಮೊದಲ ವರ್ಷದ ಕಾರ್ಯಕ್ರಮದ ಜೋಡಣೆಯೂ ಅಭ್ಯಾಸಯೋಗ್ಯವಾದದ್ದು. ಯುರೋಪಿನ ಹೊಸ ಸಂಗೀತಕ್ಕೆ ಇಟಲಿಯ ರಚನಕಾರ ಲೂಚಾನೊ ಬೇರಿಯೊ ಮತ್ತು ಗಾಯಕಿ ಕ್ಯಾಥಿ ಬರ್ಬೇರಿಯನ್ ಬಂದರು, ಇನ್ನೊಂದು ಸಂಜೆ ಪಿಯಾನೊ ವಾದಕ ಪಾಲ್ ಜೇಕಬ್ಸ್ ಅವರಿಗೆ ಮೀಸಲಾಯಿತು, ಉಳಿದ ಎರಡು ಸಂಜೆಗಳಲ್ಲಿ ಊರಿನವರದೇ ಕೃತಿಗಳು. ಹೆಸರಾದ ಅತಿಥಿಗಳು ಪ್ರೇಕ್ಷಕರನ್ನು ಕರೆತಂದರೆ ಆ ಪ್ರೇಕ್ಷಕರು ಊರಿನ ಯುವಕರನ್ನೂ ಕೇಳುತ್ತಾರೆ ಎಂಬ ಲೆಕ್ಕ ಇದರ ಹಿಂದಿತ್ತು. ಅದಕ್ಕಿಂತ ಮುಖ್ಯವಾಗಿ, ಊರಿನವರ ಕೃತಿಗಳನ್ನು ಯುರೋಪಿನ ಕೃತಿಗಳ ಎದುರು ತೂಗಿನೋಡುವ ಧೈರ್ಯ ಇತ್ತು. ಹೊರಗಿನವರನ್ನೇ ತುಂಬಿದ ಉತ್ಸವ ಊರಿಗೆ ಏನನ್ನೂ ಬಿಟ್ಟುಹೋಗುವುದಿಲ್ಲ, ಊರಿನವರನ್ನೇ ತುಂಬಿದ ಉತ್ಸವಕ್ಕೆ ತನ್ನ ಮಟ್ಟ ತಿಳಿಯುವುದಿಲ್ಲ. ಇವೆರಡನ್ನೂ ಆ ಐವರು ಆರಂಭದಲ್ಲೇ ತಪ್ಪಿಸಿದರು.

ಮುಂದಿನ ವರ್ಷಗಳಲ್ಲಿ ‘ಒನ್ಸ್’ನ ವೈವಿಧ್ಯ ಬೆರಗು ಹುಟ್ಟಿಸುವಷ್ಟು ಬೆಳೆಯಿತು. 1962ರಲ್ಲಿ ಲಾ ಮಾಂಟ್ ಯಂಗ್ ಬಂದು ದೀರ್ಘ ನಾದಗಳ ತಮ್ಮ ಕಲ್ಪನೆಯನ್ನು ಮುಂದಿಟ್ಟರು. 1964ರಲ್ಲಿ ಜಾಝ್‌ನ ಮಹಾನ್ ವಾದಕ ಎರಿಕ್ ಡಾಲ್ಫಿ ಬಾಬ್ ಜೇಮ್ಸ್ ತ್ರಯದೊಂದಿಗೆ ನುಡಿಸಿದರು, ಅದಾದ ನಾಲ್ಕೇ ತಿಂಗಳಲ್ಲಿ ಅವರು ತೀರಿಕೊಂಡರು. ನ್ಯೂಯಾರ್ಕಿನ ಜಡ್ಸನ್ ನೃತ್ಯ ಬಳಗದವರು ನಡಿಗೆ, ಓಟ, ವಸ್ತುಗಳನ್ನು ಹೊರುವಿಕೆ ಇಂಥ ದಿನನಿತ್ಯದ ಚಲನೆಗಳನ್ನೇ ನೃತ್ಯವಾಗಿಸಿದರು. 1964ರ ಉತ್ಸವಕ್ಕಾಗಿ ಮೇರಿ ಆ್ಯಶ್ಲಿ ರೂಪಿಸಿದ ಪ್ರಚಾರಪತ್ರದಲ್ಲಿ ಉಪಾಹಾರಗೃಹದ ಕೌಂಟರಿನ ಮೇಲೆ ನಗ್ನಳಾಗಿ ಮಲಗಿದ ಯುವತಿಯ ಹಿಂದೆ ನಾಲ್ವರು ರಚನಕಾರರು ಗಂಭೀರವಾಗಿ ನಿಂತಿದ್ದ ಚಿತ್ರ ಊರಿನಲ್ಲಿ ವಿವಾದವನ್ನೆಬ್ಬಿಸಿತು. 1965ರ ಸೆಪ್ಟೆಂಬರಿನಲ್ಲಿ ಉತ್ಸವ ನಗರದ ವಾಹನ ನಿಲುಗಡೆ ಕಟ್ಟಡವೊಂದರ ತೆರೆದ ಮೇಲ್ಮಹಡಿಗೆ ಏರಿತು. ಜಾನ್ ಕೇಜ್, ಡೇವಿಡ್ ಟ್ಯೂಡರ್, ಚಿತ್ರಕಾರ ರಾಬರ್ಟ್ ರಾಷನ್‌ಬರ್ಗ್ ಮೊದಲಾದವರು ಅಲ್ಲಿ ಭಾಗವಹಿಸಿದರು. ಚರ್ಚಿನಿಂದ ಕಾರುಗಳ ಮೇಲ್ಮಹಡಿಗೆ ನಡೆದ ಈ ಪಯಣ ಬರೀ ಚಮತ್ಕಾರಕ್ಕಾಗಿ ಆದದ್ದಲ್ಲ. ಕೃತಿಗಳ ಸ್ವರೂಪ ಬದಲಾದಂತೆ ಅವುಗಳಿಗೆ ತಕ್ಕ ಜಾಗವೂ ಬದಲಾಗಬೇಕೆಂಬ ಅರಿವು ಅದರಲ್ಲಿತ್ತು.

ಜಾಗದ ಪ್ರಶ್ನೆಯನ್ನು ಸ್ವಲ್ಪ ಭೌತಶಾಸ್ತ್ರದ ನೆರವಿನಿಂದ ನೋಡಬಹುದು. ಬಯಲಿನಲ್ಲಿ ಧ್ವನಿಯ ಮೂಲದಿಂದ ದೂರ ಇಮ್ಮಡಿಯಾದಾಗಲೆಲ್ಲ ಅದರ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ; ಅಂದರೆ 3 ಮೀಟರ್ ದೂರದಲ್ಲಿ ಕುಳಿತವರಿಗಿಂತ 24 ಮೀಟರ್ ದೂರದಲ್ಲಿ ಕುಳಿತವರಿಗೆ ಅದೇ ನಾದ 18 ಡೆಸಿಬೆಲ್ ಕಡಿಮೆ ಕೇಳಿಸುತ್ತದೆ. ಸಭಾಂಗಣದ ಗೋಡೆಗಳು ಪ್ರತಿಫಲಿಸುವುದರಿಂದ ಇಳಿಕೆ ಇಷ್ಟೇ ಪ್ರಮಾಣದಲ್ಲಿರುವುದಿಲ್ಲವಾದರೂ, ಪ್ರತಿಫಲಿತ ಧ್ವನಿ ಬೆರೆತಷ್ಟೂ ನೇರ ಧ್ವನಿಯ ಸೂಕ್ಷ್ಮ ವಿವರಗಳು ಮಸುಕಾಗುತ್ತವೆ. ಪ್ರಾಯೋಗಿಕ ಸಂಗೀತದ ಬಹುಭಾಗ ಇರುವುದೇ ಈ ವಿವರಗಳಲ್ಲಿ: ತಂತಿಯ ಮೇಲೆ ಕಮಾನು ಹಿಡಿತ ಕಳೆದುಕೊಳ್ಳುವ ಸದ್ದು, ಸ್ಯಾಕ್ಸೊಫೋನಿನೊಳಗೆ ಸ್ವರವಾಗದ ಉಸಿರು, ಮಾರ್ಟನ್ ಫೆಲ್ಡ್‌ಮನ್ ಅವರ ಪಿಯಾನೊ ಕೃತಿಗಳಲ್ಲಿ ಬಾರಿಸಿದ್ದಕ್ಕಿಂತ ಹೆಚ್ಚಾಗಿ ಆರಿಹೋಗುತ್ತಿರುವುದನ್ನು ಕೇಳಿಸುವ ಮೆಲುದನಿ. ಮೈಕು ಹಿಡಿದು ಇವನ್ನು ದೊಡ್ಡದಾಗಿಸಬಹುದು, ಆದರೆ ಆಗ ಧ್ವನಿ ಬರುವುದು ವಾದಕರ ಕೈಯಿಂದಲ್ಲ, ಪಕ್ಕದ ಪೆಟ್ಟಿಗೆಯಿಂದ. ಕೈ ಮತ್ತು ಕಿವಿಯ ನಡುವಿನ ಸಂಬಂಧ ಕಡಿದುಹೋಗುತ್ತದೆ. ಆದ್ದರಿಂದ ಅನುಭವಿ ಸಂಘಟಕರು ಜಾಗವನ್ನು ನೋಡಲು ಹೋದಾಗ ಮೊದಲು ವೇದಿಕೆಯನ್ನು ನೋಡುವುದಿಲ್ಲ, ದೀಪ ಆರಿಸಿ ನಿಂತು ಕೇಳುತ್ತಾರೆ: ಫ್ಯಾನು ಎಷ್ಟು ಗುಂಯ್ಗುಡುತ್ತದೆ, ಪಾನೀಯದ ಫ್ರಿಜ್ ಎಷ್ಟು ನಿಮಿಷಕ್ಕೊಮ್ಮೆ ಚಾಲೂ ಆಗುತ್ತದೆ, ರಸ್ತೆಯ ಕಡೆಗೆ ಕಿಟಕಿಗಳಿವೆಯೇ, ಕುರ್ಚಿಗಳು ಕಿರುಗುಟ್ಟುತ್ತವೆಯೇ. ತದ್ವಿರುದ್ಧವಾಗಿ, ತೀವ್ರ ಮಟ್ಟದ ವಿದ್ಯುನ್ಮಾನ ಗದ್ದಲವನ್ನೇ ಸಾಮಗ್ರಿಯಾಗಿಸಿಕೊಂಡ ಕಲಾವಿದರಿದ್ದಾಗ ಚಿಕ್ಕ ಕೋಣೆ ಅಪಾಯಕಾರಿಯೂ ಆಗಬಲ್ಲದು; ಬಾಗಿಲಲ್ಲೇ ಕಿವಿಬೆಣೆ ಕೊಡುವುದು ಮತ್ತು ಎದ್ದು ಹೊರಹೋಗಲು ಸುಲಭದ ದಾರಿ ಇಡುವುದು ಸಂಘಟಕರ ಹೊಣೆ.

ಹತ್ತಿರ ಕುಳಿತು ಕೇಳುವ ಈ ಸಂಸ್ಕೃತಿಗೆ ಉತ್ತರ ಕರ್ನಾಟಕದೊಂದಿಗೆ ಒಂದು ನಿಜವಾದ ನಂಟಿದೆ. 1962ರಲ್ಲಿ ಆನ್ ಆರ್ಬರ್‌ನಲ್ಲಿ ನುಡಿಸಿದ ಲಾ ಮಾಂಟ್ ಯಂಗ್ ಅದಕ್ಕೂ ಮೊದಲೇ, 1960ರಲ್ಲಿ, ಎರಡೇ ಸ್ವರಗಳನ್ನು ಬಹುಕಾಲ ಹಿಡಿದಿಡಬೇಕೆಂಬ ಸೂಚನೆಯ ಕೃತಿಯೊಂದನ್ನು ರಚಿಸಿದ್ದರು. ಆ ಎರಡು ಸ್ವರಗಳ ನಡುವಿನ ಅಂತರ ತಂಬೂರಿಯಲ್ಲಿ ಕೇಳುವ ಷಡ್ಜ-ಪಂಚಮಗಳ ಅಂತರವೇ. 1970ರಲ್ಲಿ ಅವರು ಕಿರಾನಾ ಘರಾನೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರ ಗುರು ಅಬ್ದುಲ್ ವಹೀದ್ ಖಾನ್. ಅದೇ ಘರಾನೆಯ ಇನ್ನೊಂದು ಧಾರೆಯ ಅಬ್ದುಲ್ ಕರೀಂ ಖಾನರಿಂದ ಕಲಿತವರು ಕುಂದಗೋಳದ ಸವಾಯಿ ಗಂಧರ್ವರು, ಅವರಿಂದ ಕಲಿತವರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಒಂದೇ ಸ್ವರದಲ್ಲಿ ತಂಗಿ ಅದರ ಒಳಗನ್ನು ನಿಧಾನವಾಗಿ ಬಿಚ್ಚುವ ಕಿರಾನಾ ಆಲಾಪ ಹುಬ್ಬಳ್ಳಿ-ಧಾರವಾಡದ ಕೇಳುಗರಿಗೆ ಪರಂಪರೆಯ ಅತಿ ಪರಿಚಿತ ಮುಖವಾದರೆ, ನ್ಯೂಯಾರ್ಕಿನ ಯಂಗ್ ಅವರಿಗೆ ತಮ್ಮ ಪ್ರಯೋಗದ ಮುಂದಿನ ಹೆಜ್ಜೆಯಾಗಿ ಕಂಡಿತು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿಗೆ ನಡೆಯುವ ಅಹೋರಾತ್ರಿ ಸಂಗೀತದಲ್ಲಿ ಕುಳಿತವರಿಗೆ ಕಲಾವಿದರ ಉಸಿರಿನ ಸಮೀಪ ಕೇಳುವುದೆಂದರೇನೆಂದು ವಿವರಿಸಬೇಕಾಗಿಲ್ಲ.

ಇನ್ನು ವೈವಿಧ್ಯದ ಪ್ರಶ್ನೆ. ಬಗೆಬಗೆಯ ಸಂಗೀತವನ್ನು ಒಂದರ ಪಕ್ಕ ಒಂದಾಗಿ ಜೋಡಿಸಿದ ಮಾತ್ರಕ್ಕೆ ಉತ್ಸವ ವೈವಿಧ್ಯಮಯವಾಗುತ್ತದೆಂದು ಹಲವರು ಭಾವಿಸುತ್ತಾರೆ, ಮತ್ತು ಫಲವಾಗಿ ಪ್ರತಿಯೊಬ್ಬ ಕಲಾವಿದರೂ ತಮ್ಮ ಅಭಿಮಾನಿಗಳನ್ನು ಕರೆತಂದು, ತಮ್ಮ ಸರದಿ ಮುಗಿಸಿ, ಅಭಿಮಾನಿಗಳೊಂದಿಗೆ ಹೊರಟುಹೋಗುವ ಸಂಜೆಗಳು ಉಂಟಾಗುತ್ತವೆ. ಇಂಗ್ಲೆಂಡಿನ ಗಿಟಾರ್ ವಾದಕ ಡೆರೆಕ್ ಬೈಲಿ ಇದಕ್ಕೆ ಮೂಲಭೂತವಾದ ಪರಿಹಾರವನ್ನು ಕಂಡುಕೊಂಡರು. 1930ರಲ್ಲಿ ಶೆಫೀಲ್ಡ್‌ನಲ್ಲಿ ಹುಟ್ಟಿ, ನೃತ್ಯವೃಂದಗಳಲ್ಲೂ ಸ್ಟುಡಿಯೊಗಳಲ್ಲೂ ಜೀವನೋಪಾಯಕ್ಕಾಗಿ ನುಡಿಸಿ, ಕೊನೆಗೆ ಮುಕ್ತ ಆಶುವಾದನವೊಂದನ್ನೇ ಆರಿಸಿಕೊಂಡ ಬೈಲಿ 1976ರಲ್ಲಿ ‘ಕಂಪನಿ’ ಎಂಬ ಬಳಗವನ್ನು ಕಲ್ಪಿಸಿದರು. ಅದಕ್ಕೆ ಕಾಯಂ ಸದಸ್ಯರಿರಲಿಲ್ಲ. ಪ್ರತಿ ಬಾರಿ ಬೇರೆ ಬೇರೆ ಹಿನ್ನೆಲೆಯ ವಾದಕರನ್ನು ಕರೆಸಿ, ಹಲವು ದಿನ ಒಂದೆಡೆ ಇರಿಸಿ, ಯಾರು ಯಾರೊಂದಿಗೆ ನುಡಿಸಬೇಕೆಂಬುದನ್ನು ದಿನದಿನವೂ ಹೊಸದಾಗಿ ನಿರ್ಧರಿಸುವುದು ಅದರ ವಿಧಾನ. 1977ರಲ್ಲಿ ಲಂಡನ್ನಿನಲ್ಲಿ ಮೊದಲ ‘ಕಂಪನಿ ವೀಕ್’ ನಡೆಯಿತು. ಅಮೆರಿಕದ ಆಂಥನಿ ಬ್ರ್ಯಾಕ್ಸ್‌ಟನ್, ಲಿಯೊ ಸ್ಮಿತ್ ಮತ್ತು ಸ್ಟೀವ್ ಲೇಸಿ, ಹಾಲೆಂಡಿನ ತಾಳವಾದಕ ಹಾನ್ ಬೆನಿಂಕ್, ಇಂಗ್ಲೆಂಡಿನ ಇವಾನ್ ಪಾರ್ಕರ್ ಮತ್ತು ಲಾಲ್ ಕಾಕ್ಸ್‌ಹಿಲ್ ಅದರಲ್ಲಿದ್ದರು. 1994ರವರೆಗೆ ಈ ಸಪ್ತಾಹಗಳು ಮುಂದುವರಿದವು.

ಬೈಲಿಯವರ ಆಯ್ಕೆಗಳಲ್ಲಿ ಒಂದು ಹಟವಿತ್ತು. ಆಶುವಾದಕರನ್ನಷ್ಟೇ ಕರೆದರೆ ಅವರೂ ಕೆಲವೇ ವರ್ಷಗಳಲ್ಲಿ ಒಂದು ಶೈಲಿಯಲ್ಲಿ ಸಿಲುಕುತ್ತಾರೆಂಬುದನ್ನು ಅರಿತಿದ್ದ ಅವರು 1982ರಲ್ಲಿ ಬರೆದಿಟ್ಟ ಆಧುನಿಕ ಸಂಗೀತದ ಪಿಯಾನೊ ವಾದಕಿ ಅರ್ಸುಲಾ ಆಪನ್ಸ್ ಅವರನ್ನೂ, ತಾವೇ ರೂಪಿಸಿದ ವಾದ್ಯಗಳನ್ನು ನುಡಿಸುವ ಜಪಾನಿನ ಅಕಿಯೊ ಸುಝುಕಿ ಅವರನ್ನೂ, ಟ್ರಾಂಬೋನಿನ ಜಾರ್ಜ್ ಲೂಯಿಸ್ ಅವರನ್ನೂ ಒಂದೇ ಕೋಣೆಗೆ ಕರೆತಂದರು. 1991ರಲ್ಲಿ ರುಮೇನಿಯಾ ಮೂಲದ ವಯಲಿನ್ ವಾದಕ ಅಲೆಕ್ಸಾಂಡರ್ ಬಲನೆಸ್ಕು, ನ್ಯೂಯಾರ್ಕಿನ ಜಾನ್ ಜಾರ್ನ್, ಮುಖವಾಡ ತೊಟ್ಟು ತಲೆಯ ಮೇಲೆ ಕಾಗದದ ಬಕೆಟ್ ಇಟ್ಟುಕೊಂಡು ಅತಿವೇಗದ ರಾಕ್ ಗಿಟಾರ್ ನುಡಿಸುವ ಬಕೆಟ್‌ಹೆಡ್ ಮೂವರೂ ಸೇರಿದರು. ಇದನ್ನು ವಿಚಿತ್ರ ಸಂಗತಿಗಳ ಮೆರವಣಿಗೆಯೆಂದು ತಿಳಿಯಬಾರದು. ತಮ್ಮ ಪರಿಚಿತ ಉತ್ತರಗಳು ನಡೆಯದ ಎದುರಾಳಿಯೊಂದಿಗೆ ಕೂತಾಗ ವಾದಕರು ಆಲಿಸಲೇಬೇಕಾಗುತ್ತದೆ, ಮತ್ತು ವಾದಕರು ಆಲಿಸುತ್ತಿರುವುದು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಸಭೆ ಕುಳಿತಿದ್ದರೆ ಸಭೆಯೂ ಹಾಗೆಯೇ ಆಲಿಸತೊಡಗುತ್ತದೆ. 1980ರಲ್ಲಿ ಪ್ರಕಟವಾದ ಬೈಲಿಯವರ ಆಶುಸಂಗೀತದ ಕುರಿತ ಪುಸ್ತಕ ಭಾರತೀಯ ಸಂಗೀತದ ಚರ್ಚೆಯಿಂದ ಆರಂಭವಾಗುತ್ತದೆ ಎಂಬುದನ್ನು ಇಲ್ಲಿ ನೆನೆಯಬಹುದು. ಸಿತಾರ್ ವಾದಕ ವಿರಾಮ್ ಜಸಾನಿ ಅವರೊಂದಿಗಿನ ಮಾತುಕತೆ ಅದಕ್ಕೆ ಆಧಾರ.

ಈ ವಿಧಾನದ ಗಣಿತ ಸಂಘಟಕರಿಗೆ ಉಪಯುಕ್ತ. ಎಂಟು ಜನ ವಾದಕರಿದ್ದರೆ ಅವರಿಂದ 28 ಜೋಡಿಗಳು, 56 ತ್ರಯಗಳು, 70 ಚತುಷ್ಟಯಗಳು ಸಾಧ್ಯ. ಇಬ್ಬರಿಂದ ಎಂಟರವರೆಗಿನ ಎಲ್ಲ ಗುಂಪುಗಳನ್ನೂ ಎಣಿಸಿದರೆ 247. ಮೂರು ಸಂಜೆಗಳ ಉತ್ಸವದಲ್ಲಿ ಸಂಜೆಗೆ ಐದರಂತೆ ಹದಿನೈದು ಗುಂಪುಗಳನ್ನಷ್ಟೇ ಕೇಳಿಸಲು ಸಾಧ್ಯ. ಎಂಟೇ ಜನರಿಂದ ಇಷ್ಟು ಸಮೃದ್ಧಿ ದೊರೆಯುವಾಗ ಇಪ್ಪತ್ತು ತಂಡಗಳನ್ನು ಕರೆಸಿ ಪ್ರತಿಯೊಂದಕ್ಕೂ ಅರ್ಧ ಗಂಟೆ ಕೊಡುವುದು ಶ್ರಮದ ದುಂದು ಎನಿಸುತ್ತದೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಸ್ವಯಂಸೇವಕರ ಬಳಗವೊಂದು 1999ರಲ್ಲಿ ಆರಂಭಿಸಿದ ‘ಹೈ ಝೀರೊ’ ಉತ್ಸವ ಇದೇ ತತ್ವವನ್ನು ನಿಯಮವಾಗಿಸಿಕೊಂಡಿತು: ಊರಿನ ವಾದಕರನ್ನೂ ಹೊರಗಿನವರನ್ನೂ ಬೆರೆಸಿ, ಹಿಂದೆಂದೂ ಒಟ್ಟಾಗಿ ನುಡಿಸದವರ ಗುಂಪುಗಳನ್ನೇ ವೇದಿಕೆಗೆ ತರುವುದು. ಅಪಾಯವೂ ಇಲ್ಲದಿಲ್ಲ. ಮೊದಲ ಭೇಟಿಗಳಷ್ಟೇ ತುಂಬಿದ ಉತ್ಸವದಲ್ಲಿ ಎಚ್ಚರಿಕೆಯ ಸೌಜನ್ಯ ಹೆಚ್ಚಾಗಿ, ಯಾರೂ ಯಾರನ್ನೂ ತಡೆಯದೆ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಬಹುದು. ವರ್ಷಗಟ್ಟಲೆ ಒಟ್ಟಿಗೆ ನುಡಿಸಿದ ಒಂದು ತಂಡವನ್ನೂ ಪೂರ್ಣವಾಗಿ ಬರೆದಿಟ್ಟ ಒಂದು ಕೃತಿಯನ್ನೂ ನಡುವೆ ಇಟ್ಟರೆ ಉಳಿದದ್ದರ ಅನಿಶ್ಚಿತತೆ ಎದ್ದು ಕೇಳಿಸುತ್ತದೆ.

ಸಂಜೆಯ ಅನುಕ್ರಮವೂ ಇಷ್ಟೇ ಗಂಭೀರವಾದ ಕೆಲಸ. ಅತಿ ಮೆಲುದನಿಯ ಕಾರ್ಯಕ್ರಮವನ್ನು ತೀವ್ರ ಗದ್ದಲದ ನಂತರ ಇಟ್ಟರೆ ಕಿವಿಗಳ ಸಂವೇದನೆ ತಾತ್ಕಾಲಿಕವಾಗಿ ಕುಗ್ಗಿರುವುದರಿಂದ ಅದು ವ್ಯರ್ಥವಾಗುತ್ತದೆ. ಮೊದಲು ಮೆಲುದನಿ, ಅನಂತರ ವಿರಾಮ, ಕೊನೆಗೆ ಗದ್ದಲ ಎಂಬುದು ರೂಢಿಯ ಜಾಣತನ. ವಿದ್ಯುನ್ಮಾನ ಉಪಕರಣಗಳ ತಂತಿಗಳನ್ನು ಬಿಚ್ಚಿ ಜೋಡಿಸುವುದು ಕಾರ್ಯಕ್ರಮದಷ್ಟೇ ಸಮಯ ನುಂಗಬಲ್ಲದಾದ್ದರಿಂದ ಕೋಣೆಯ ಬೇರೆ ಬೇರೆ ಮೂಲೆಗಳಲ್ಲಿ ಎಲ್ಲರ ವಾದ್ಯಗಳನ್ನೂ ಮೊದಲೇ ಹೂಡಿಟ್ಟು, ಸಭೆಯೇ ಕುರ್ಚಿ ತಿರುಗಿಸಿಕೊಳ್ಳುವಂತೆ ಮಾಡುವ ಏರ್ಪಾಟು ಚಿಕ್ಕ ಜಾಗಕ್ಕಷ್ಟೇ ಸಾಧ್ಯವಾದ ಸೌಲಭ್ಯ. ಒಂದು ಸರದಿ 25 ರಿಂದ 40 ನಿಮಿಷವಿದ್ದರೆ ಒಳ್ಳೆಯದು, ಆದರೆ ಉತ್ಸವದಲ್ಲಿ ಒಮ್ಮೆಯಾದರೂ ಗಡಿಯಾರದ ಹಂಗಿಲ್ಲದ ಒಂದು ದೀರ್ಘ ಕಾರ್ಯಕ್ರಮಕ್ಕೆ ಜಾಗ ಮಾಡಬೇಕು. ವಿವರಣೆ ಕೊಡಬೇಕೇ ಬೇಡವೇ ಎಂಬ ಪ್ರಶ್ನೆಗೆ ಉತ್ತರ ಎಲ್ಲಕ್ಕೂ ಒಂದೇ ಆಗಿರಲಾರದು. ಯಾವ ವಾದ್ಯ, ಯಾವ ಯಂತ್ರ, ಏನು ನಿಶ್ಚಿತ, ಏನು ಅನಿಶ್ಚಿತ ಎಂಬ ನಾಲ್ಕು ವಾಕ್ಯ ಮುದ್ರಿಸಿಕೊಟ್ಟರೆ ಹೊಸಬರಿಗೆ ಕೈಹಿಡಿ ಸಿಗುತ್ತದೆ, ಅರ್ಥವನ್ನೂ ಸೇರಿಸಿ ಹೇಳಿದರೆ ಕಿವಿ ಮುಚ್ಚಿಹೋಗುತ್ತದೆ.

ಹಣದ ಲೆಕ್ಕ ಸುಲಭ ಮತ್ತು ಕಠೋರ. ನೂರು ಆಸನಗಳ ಕೋಣೆ ತಲಾ 500 ರೂಪಾಯಿಗೆ ಪೂರ್ತಿ ತುಂಬಿದರೂ ಸಂಜೆಯ ಆದಾಯ 50 ಸಾವಿರ. ಜಾಗ, ಧ್ವನಿ ಉಪಕರಣ, ಊಟ, ಪ್ರಯಾಣ ಕಳೆದ ಮೇಲೆ ಕಲಾವಿದರಿಗೆ ಉಳಿಯುವುದು ಅತ್ಯಲ್ಪ. ಆದ್ದರಿಂದಲೇ ಇಂಥ ಉತ್ಸವಗಳ ಹಿಂದೆ ಜಾಗವನ್ನು ಉಚಿತವಾಗಿ ಕೊಡುವ ಒಬ್ಬರು, ಅತಿಥಿಗಳಿಗೆ ಮನೆಗಳನ್ನು ತೆರೆಯುವ ಹಲವರು, ಮತ್ತು ಇತರ ಊರುಗಳ ಸಂಘಟಕರೊಂದಿಗೆ ಪ್ರಯಾಣವೆಚ್ಚ ಹಂಚಿಕೊಳ್ಳುವ ಒಪ್ಪಂದಗಳು ಇದ್ದೇ ಇರುತ್ತವೆ. ಆಸ್ಟ್ರಿಯಾ-ಹಂಗೇರಿ ಗಡಿಯ ನಿಕೆಲ್ಸ್‌ಡಾರ್ಫ್ ಎಂಬ, ಎರಡು ಸಾವಿರಕ್ಕೂ ಕಡಿಮೆ ಜನರ ಹಳ್ಳಿಯಲ್ಲಿ ಹೋಟೆಲ್ ನಡೆಸುತ್ತಿದ್ದ ಹಾನ್ಸ್ ಫಾಲ್ಬ್ 1980ರಲ್ಲಿ ಆರಂಭಿಸಿದ ‘ಕಾನ್‌ಫ್ರಂಟಾಟ್ಸಿಯೋನೆನ್’ ಉತ್ಸವ ಮುಕ್ತಸಂಗೀತದ ಲೋಕದಲ್ಲಿ ಹೆಸರುವಾಸಿಯಾಗಲು ಒಂದು ಕಾರಣ ಊಟ, ಮಾತು, ಸಂಗೀತ ಮೂರೂ ಅದೇ ಅಂಗಳದಲ್ಲಿ ನಡೆಯುತ್ತಿದ್ದುದು. ಎಲ್ಲ ಕಲಾವಿದರಿಗೂ, ಹೆಸರು ಎಷ್ಟೇ ದೊಡ್ಡದಿರಲಿ, ಸಮಾನ ಸಂಭಾವನೆ ಕೊಟ್ಟು ಆ ಮೊತ್ತವನ್ನು ಮೊದಲ ಪತ್ರದಲ್ಲೇ ತಿಳಿಸುವುದು ಚಿಕ್ಕ ಉತ್ಸವಕ್ಕೆ ಶೋಭಿಸುವ ನಡೆ.

ಬೆಳೆಯುವ ಆಮಿಷ ಎಲ್ಲ ಉತ್ಸವಗಳಿಗೂ ಎದುರಾಗುತ್ತದೆ. ಜರ್ಮನಿಯ ಡೊನೌಎಷಿಂಗೆನ್ ಊರಿನಲ್ಲಿ 1921ರಲ್ಲಿ ರಾಜಮನೆತನವೊಂದರ ಆಶ್ರಯದಲ್ಲಿ ಕೆಲವೇ ವಾದ್ಯಗಳ ಹೊಸ ಸಂಗೀತಕ್ಕಾಗಿ ಹುಟ್ಟಿದ ಉತ್ಸವ ಎರಡನೇ ಮಹಾಯುದ್ಧದ ನಂತರ ರೇಡಿಯೊ ಸಂಸ್ಥೆಯ ವಾದ್ಯವೃಂದದ ಬಲದಿಂದ ಭಾರೀ ಕೃತಿಗಳ ಪ್ರಥಮ ಪ್ರದರ್ಶನದ ವೇದಿಕೆಯಾಯಿತು; ಆ ಗಾತ್ರವಿಲ್ಲದೆ ಆ ಕೃತಿಗಳು ಹುಟ್ಟುತ್ತಿರಲಿಲ್ಲವೆಂಬುದೂ ನಿಜ. ‘ಒನ್ಸ್’ ಮಾತ್ರ ಬೆಳೆದು ಸಂಸ್ಥೆಯಾಗುವ ಮುನ್ನವೇ, 1966ರ ವೇಳೆಗೆ, ಕೊನೆಗೊಂಡಿತು. ಅದೇ ವರ್ಷ ಆ್ಯಶ್ಲಿ ಮತ್ತು ಮುಮ್ಮಾ ಅವರು ಆಲ್ವಿನ್ ಲೂಸಿಯರ್ ಹಾಗೂ ಡೇವಿಡ್ ಬೆಹ್ರ್‌ಮನ್ ಅವರೊಂದಿಗೆ ಊರೂರು ತಿರುಗಿ ನುಡಿಸುವ ‘ಸಾನಿಕ್ ಆರ್ಟ್ಸ್ ಯೂನಿಯನ್’ ಕಟ್ಟಿದರು, ಮುಮ್ಮಾ ಮರ್ಸ್ ಕನಿಂಗ್‌ಹ್ಯಾಮ್ ನೃತ್ಯ ಸಂಸ್ಥೆಯ ಸಂಗೀತಗಾರರಾದರು, 1969ರಲ್ಲಿ ಆ್ಯಶ್ಲಿ ಕ್ಯಾಲಿಫೋರ್ನಿಯಾದ ಮಿಲ್ಸ್ ಕಾಲೇಜಿಗೆ ಹೋದರು. ನಡೆಸುವವರ ಬದುಕಿನೊಂದಿಗೆ ಹೆಣೆದುಕೊಂಡ ಉತ್ಸವ ಅವರು ಚದುರಿದಾಗ ನಿಲ್ಲುವುದು ಸೋಲಲ್ಲ. ಹೊಸ ಸಂಘಟಕರು ಆರಂಭದಲ್ಲೇ ಐದು ವರ್ಷ ಎಂದು ಅವಧಿ ನಿಗದಿಪಡಿಸಿಕೊಂಡರೆ ಉಳಿವಿಗಾಗಿ ಮಾಡುವ ಎಷ್ಟೋ ರಾಜಿಗಳನ್ನು ತಪ್ಪಿಸಬಹುದು.

ನಿಂತುಹೋದ ಉತ್ಸವದಿಂದ ಉಳಿಯುವುದು ಧ್ವನಿಮುದ್ರಣ. ಆನ್ ಆರ್ಬರ್‌ನ ಗುಂಪಿನಲ್ಲಿ ಟೇಪ್ ತಂತ್ರಜ್ಞಾನ ಬಲ್ಲವರೇ ಇದ್ದುದರಿಂದ ಕಛೇರಿಗಳ ಧ್ವನಿಮುದ್ರಣಗಳು ಉಳಿದವು, ಮತ್ತು 2003ರಲ್ಲಿ ನ್ಯೂ ವರ್ಲ್ಡ್ ರೆಕಾರ್ಡ್ಸ್ ಅವುಗಳ ಆಯ್ದ ಭಾಗವನ್ನು ಐದು ಸಿ.ಡಿ.ಗಳಲ್ಲಿ ಹೊರತಂದಾಗ ಆ ಉತ್ಸವದ ಕೃತಿಗಳು ನಾಲ್ಕು ದಶಕಗಳ ನಂತರ ಹೊಸ ಕೇಳುಗರನ್ನು ತಲುಪಿದವು. ಅದೇ ವಲಯದ ಡೇವಿಡ್ ಟ್ಯೂಡರ್ 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಮೂಗ್ ಸಿಂಥಸೈಸರ್ ಇದ್ದ ಸ್ಟುಡಿಯೊವನ್ನು ಸ್ಥಾಪಿಸಿದರು. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮಾ, ಜಿನರಾಜ್ ಜೋಶಿಪುರ ಮೊದಲಾದವರು ಅಲ್ಲಿ ರಚಿಸಿದ ಸಂಗೀತ ದಶಕಗಳ ಕಾಲ ಸಂಸ್ಥೆಯ ಟೇಪುಗಳಲ್ಲೇ ಇದ್ದು, ಬ್ರಿಟನ್ನಿನ ಕಲಾವಿದ ಪಾಲ್ ಪುರ್ಗಾಸ್ ಅವರ ಸಂಶೋಧನೆಯಿಂದ ಬೆಳಕಿಗೆ ಬಂದು 2023ರಲ್ಲಿ ಪ್ರಕಟವಾಯಿತು. ಎರಡೂ ಪ್ರಸಂಗಗಳಲ್ಲಿ ಟೇಪು ಉಳಿಯಿತು ನಿಜ, ಆದರೆ ಟೇಪಿನಿಂದ ಧ್ವನಿವರ್ಧಕಗಳು ಎಲ್ಲಿದ್ದವು, ಸಭೆ ಯಾವ ಕಡೆ ಮುಖಮಾಡಿ ಕುಳಿತಿತ್ತು, ವಾದಕರಿಗೆ ಕೊಟ್ಟ ಸೂಚನೆ ಏನಿತ್ತು ಎಂಬುದು ತಿಳಿಯುವುದಿಲ್ಲ. ಹಾಗಾಗಿ ಚಿಕ್ಕ ಉತ್ಸವ ನಡೆಸುವವರು ಧ್ವನಿಮುದ್ರಣಕ್ಕೆ ಕಲಾವಿದರ ಲಿಖಿತ ಒಪ್ಪಿಗೆ ಪಡೆಯುವುದರ ಜೊತೆಗೆ, ಪ್ರತಿ ಸಂಜೆಯ ಕೋಣೆಯ ನಕ್ಷೆ, ಉಪಕರಣಗಳ ಪಟ್ಟಿ, ಗುಂಪುಗಳ ಅನುಕ್ರಮ ಮತ್ತು ಸೂಚನೆಗಳ ಪ್ರತಿಯನ್ನು ಅಂದೇ ರಾತ್ರಿ ಬರೆದು ದಿನಾಂಕ ಹಾಕಿ ಟೇಪಿನ ಜೊತೆಗೇ ಇಡುವ ಪದ್ಧತಿಯನ್ನು ಮೊದಲ ವರ್ಷದಿಂದಲೇ ರೂಢಿಸಿಕೊಳ್ಳಬೇಕು.